ನಮ್ಮ ಮಾತು ಪಂಚಾಯತಿ ಪುಸ್ತಕದಾಗ ಬರಬೇಕು

(ವಿಜಯಪುರ, ತಿಕೋಟಾ ಮತ್ತು ಬಬಲೇಶ್ವರ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಉಳಿತಾಯ, ಸಾಲ, ಬಡ್ಡಿಯ ಮಾತು ಬಿಟ್ಟು ಗ್ರಾಮ ಪಂಚಾಯತಿಯ ವಿಷಯ ಮಾತನಾಡಬೇಕೆಂದು ಒಕ್ಕೂಟದವರು ಕೇಳಿಕೊಂಡಿದ್ದಾರೆ. ಈ ವಿಷಯ ಎತ್ತಿದ ಕೂಡಲೇ ಯಾರಾದರೂ ಒಬ್ಬರು ಹೇಳುತ್ತಾರೆ: "ಸಿಸ್ಟರ್, ಅದು ಗಂಡಸರ ರಾಜಕೀಯ, ನಮಗ್ಯಾಕ ಬೇಕ್ರಿ?" ಸರಿ. ಆದರೆ ನಳಕ್ಕೆ ನೀರು ಬರದಿದ್ದರೆ ಕೊಡ ಹಿಡಿದು ಹೋಗುವವರು ಯಾರು? ಗಟಾರದ ನೀರು ಬಾಗಿಲಿಗೆ ಬಂದರೆ ಬಳಿಯುವವರು ಯಾರು? ರಾಜಕೀಯ ಅವರದ್ದು, ಕೊಡ ನಮ್ಮದು. ಹೀಗೆ ಪಾಲು ಮಾಡಿಕೊಂಡದ್ದು ಯಾವ ಸಭೆಯಲ್ಲಿ, ನಮಗಂತೂ ನೆನಪಿಲ್ಲ.

ನಿಮ್ಮಲ್ಲಿ ಬಹಳ ಮಂದಿ ನಗರದ ಅಂಚಿನ ಊರುಗಳಿಂದ ಬಂದಿದ್ದೀರಿ. ವಿಜಯಪುರದಿಂದ ತಿಕೋಟಾ ಕಡೆಗೆ ಬಸ್ಸಿನಲ್ಲಿ ಹೊರಟರೆ ಪೇಟೆ ಎಲ್ಲಿ ಮುಗಿಯಿತು, ಹಳ್ಳಿ ಎಲ್ಲಿ ಶುರುವಾಯಿತು ಎಂಬುದೇ ಈಗ ತಿಳಿಯುವುದಿಲ್ಲ. ತೊರವಿಯಲ್ಲಿ ಮಹಿಳಾ ವಿಶ್ವವಿದ್ಯಾಲಯ ಇದೆ, ಬುರಣಾಪುರದ ಹತ್ತಿರ ವಿಮಾನ ನಿಲ್ದಾಣದ ಜಾಗ ಇದೆ. ಬಬಲೇಶ್ವರ, ತಿಕೋಟಾ ಭಾಗಕ್ಕೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂತು, ಎರಡೂ ಊರು ತಾಲೂಕು ಕೇಂದ್ರಗಳಾದವು. ಹೊಲದ ಬೆಲೆ ಏರಿತು. ಜೋಳ ಬಿತ್ತುತ್ತಿದ್ದ ಎರೆ ಹೊಲದಲ್ಲಿ ಇವತ್ತು ಕಲ್ಲು ನೆಟ್ಟು ಪ್ಲಾಟ್ ಮಾಡಿದ್ದಾರೆ. ಇಂಥ ಊರುಗಳ ಕಷ್ಟ ಬೇರೆ ತರಹದ್ದು. ನಗರದ ಸೌಲಭ್ಯ ಅಲ್ಲಿಗೆ ಬಂದಿಲ್ಲ, ನಗರದ ತ್ರಾಸು ಮಾತ್ರ ಬಂದು ಮುಟ್ಟಿದೆ. ಜನ ಹೆಚ್ಚಾದರು, ಬೋರ್ ಅಷ್ಟೇ ಇದೆ.

ಇದು ಹಳೆಯ ಸಂಗತಿಯೇ. ಆದಿಲಶಾಹಿ ಕಾಲದಲ್ಲಿ ತೊರವಿಯ ಸುರಂಗ ಬಾವಡಿಯಿಂದ ನೆಲದ ಒಳಗಿನ ಕಾಲುವೆಯಲ್ಲಿ ನೀರು ವಿಜಯಪುರ ಕೋಟೆಗೆ ಹೋಗುತ್ತಿತ್ತು. ಆಮೇಲೆ 1651ರಲ್ಲಿ ಮಹಮ್ಮದ್ ಆದಿಲಶಹಾ ಬೇಗಂ ತಲಾಬ ಕಟ್ಟಿಸಿದ. ಪೇಟೆಗೆ ನೀರು, ಕಾಳು, ಕೂಲಿ ಎಲ್ಲ ಹೊರಗಿನ ಊರುಗಳಿಂದಲೇ ಬಂದಿವೆ. ಆ ಕಾಲದಲ್ಲಿ ಊರಿನ ಹೆಣ್ಣುಮಕ್ಕಳನ್ನು ಯಾರೂ ಕೇಳಲಿಲ್ಲ. ಈಗ ಕೇಳಬೇಕೆಂದು ಕಾನೂನು ಇದೆ.

ಆ ಕಾನೂನು ಒಂದೇ ದಿನಕ್ಕೆ ಬಂದದ್ದಲ್ಲ. ಹೆಚ್ಚು ಬೋರ್ ಹಾಕಿಸಿ 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬರ ಹೆಸರನ್ನು ಹಿರಿಯರು ಕೇಳಿರಬೇಕು. ಅವರು ಮಂತ್ರಿಯಾಗಿದ್ದಾಗ ಬಂದ 1983ರ ಕಾಯ್ದೆಯಲ್ಲಿ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಇಟ್ಟರು. 1987ರಲ್ಲಿ ಚುನಾವಣೆ ನಡೆಯಿತು. 1993ರಲ್ಲಿ ಸಂವಿಧಾನದ ತಿದ್ದುಪಡಿ ಬಂದು ಮೂರರಲ್ಲಿ ಒಂದು ಪಾಲಾಯಿತು. 2010ರ ಚುನಾವಣೆಯ ಹೊತ್ತಿಗೆ ಕರ್ನಾಟಕದಲ್ಲಿ ಅರ್ಧ ಪಾಲು. ಅರ್ಧ ಕುರ್ಚಿ ಸಿಕ್ಕಿತು. ಆ ಕುರ್ಚಿಯ ಮೇಲೆ ಕೆಲವು ಕಡೆ ಇನ್ನೂ ಸದಸ್ಯೆಯ ಯಜಮಾನರೇ ಕೂರುತ್ತಾರೆ. ಆ ಮಾತು ಬೆಳೆಸಿದರೆ ಇವತ್ತು ಮುಗಿಯುವುದಿಲ್ಲ, ಬಿಡೋಣ.

ನಾವು ಹೇಳಬೇಕಾದ್ದು ಗೆದ್ದವರ ಬಗ್ಗೆ ಅಲ್ಲ, ಗೆಲ್ಲದ ನಿಮ್ಮ ಬಗ್ಗೆ. ಮತದಾರರ ಯಾದಿಯಲ್ಲಿ ಹೆಸರಿರುವ ಪ್ರತಿಯೊಬ್ಬಳೂ ಗ್ರಾಮಸಭೆಯ ಸದಸ್ಯೆ. ಯಾರೂ ನೇಮಿಸಬೇಕಾಗಿಲ್ಲ. ಮೊದಲು ವಾರ್ಡ್ ಸಭೆ, ಅಲ್ಲಿ ನಿಮ್ಮ ಓಣಿಯ ಬೇಡಿಕೆ. ಆಮೇಲೆ ಗ್ರಾಮಸಭೆ. ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಗ್ರಾಮಸಭೆಗೆ ಒಟ್ಟು ಸದಸ್ಯರ ಹತ್ತರಲ್ಲಿ ಒಂದು ಪಾಲು ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಬೇಕು. ಬಂದವರಲ್ಲಿ ನೂರಕ್ಕೆ 30 ಮಂದಿ ಹೆಣ್ಣುಮಕ್ಕಳಿರಬೇಕು. ಅಂದರೆ ನೀವು ಹೋಗದಿದ್ದರೆ ಸಭೆಯ ಕೋರಂ ತುಂಬುವುದಿಲ್ಲ.

ಹಂಗಾದ್ರ ನಾವು ಹೋಗದಿದ್ದರೂ ಸಭೆ ಹೆಂಗ ನಡೀತದ? ನಿಮಗೇ ಗೊತ್ತು. ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ರಿಜಿಸ್ಟರ್ ಹಿಡಿದು ಮನೆಗೆ ಬರುತ್ತಾರೆ. "ಅಕ್ಕಾರ, ಇಲ್ಲೊಂದು ಸಹಿ ಮಾಡ್ರಿ." ಹಿಟ್ಟಿನ ಕೈ ಒರೆಸಿಕೊಂಡು ಸಹಿ ಮಾಡುತ್ತೇವೆ. ಆ ಸಹಿಯ ಮೇಲೆ ಏನು ಬರೆದಿದ್ದಾರೆ, ಮುಂದೆ ಏನು ಬರೆಯುತ್ತಾರೆ, ನೋಡುವುದಿಲ್ಲ. ನಮ್ಮ ಸಂಘದಲ್ಲಿ ಪ್ರತಿನಿಧಿ ಹೀಗೆ ಖಾಲಿ ಹಾಳೆಗೆ ಸಹಿ ಕೇಳಿದರೆ ಬಿಡುತ್ತೀರಾ? ಇಪ್ಪತ್ತು ರೂಪಾಯಿ ಲೆಕ್ಕ ತಪ್ಪಿದರೆ ರಾತ್ರಿ ಒಂಬತ್ತರವರೆಗೆ ಜಗಳಾಡುತ್ತೀರಿ. ಪಂಚಾಯತಿಯ ಹಣವೂ ನಿಮ್ಮದೇ. ಅಲ್ಲಿ ಮಾತ್ರ ಎಷ್ಟು ಉದಾರಿಗಳು ನೀವು!

ಪುಸ್ತಕ ಅಂದರೆ ಏನು ಎಂಬುದು ನಿಮಗೆ ಯಾವ ಅಧಿಕಾರಿಗಿಂತಲೂ ಚೆನ್ನಾಗಿ ಗೊತ್ತು. ಸಂಘದಲ್ಲಿ ಬಾಯಿಮಾತಿನ ಸಾಲ ಸಾಲವಲ್ಲ, ಪುಸ್ತಕದಲ್ಲಿ ಬರೆದದ್ದು ಸಾಲ. ಪಂಚಾಯತಿಯಲ್ಲೂ ಹಾಗೆಯೇ. ಸಭೆಯಲ್ಲಿ ಎಷ್ಟು ಜೋರಾಗಿ ಕೂಗಿದರೂ ನಡಾವಳಿ ಪುಸ್ತಕದಲ್ಲಿ ಬರದಿದ್ದರೆ ಆ ಬೇಡಿಕೆ ಇಲ್ಲವೇ ಇಲ್ಲ. ಅದಕ್ಕೇ ಎದ್ದು ನಿಂತು ಹೇಳಬೇಕು: "ಇದನ್ನ ಬರಕೊಳ್ರಿ, ಬರದದ್ದನ್ನ ಓದಿ ಹೇಳ್ರಿ, ಆಮ್ಯಾಲ ಸಹಿ."

ಒಂದು ಊರಿನ ಸಂಗತಿ ಹೇಳುತ್ತೇವೆ. ನಗರಕ್ಕೆ ಹತ್ತಿಕೊಂಡ ಊರು, ಹೆಸರು ಬೇಡ. ಅಲ್ಲಿ ಅಂಗನವಾಡಿ ಬಾಡಿಗೆ ಕೋಣೆಯಲ್ಲಿ ನಡೆಯುತ್ತಿತ್ತು. ಮಳೆ ಬಂದರೆ ಸೋರುತ್ತಿತ್ತು, ಬೇಸಿಗೆಯಲ್ಲಿ ತಗಡು ಕಾಯ್ದು ಮಕ್ಕಳು ಅಳುತ್ತಿದ್ದವು. ಸಂಘದವರು ಎರಡು ಸಲ ಕೇಳಿದರು. "ಜಾಗಾ ಇಲ್ಲ" ಎಂದು ಉತ್ತರ ಬಂತು. ಊರ ಸುತ್ತ ಎಲ್ಲಿ ನೋಡಿದರೂ ಖಾಲಿ ಪ್ಲಾಟು, ಆದರೂ ಜಾಗ ಇಲ್ಲ! ಆಗ ಸಂಘದ ಒಬ್ಬ ತಾಯಿ, ಮನೆಗೆಲಸಕ್ಕೆ ಪೇಟೆಗೆ ಹೋಗುವವಳು, ತಾನು ಕಂತಿನಲ್ಲಿ ತೆಗೆದುಕೊಂಡ ಪ್ಲಾಟಿನ ಕಾಗದ ತಂದಳು. ಅದರ ಜೊತೆ ಲೇಔಟಿನ ನಕಾಶೆಯ ಝೆರಾಕ್ಸ್ ಇತ್ತು. ಓದಲು ಬರುವ ಹುಡುಗಿಯರು ಅದನ್ನು ನೆಲದ ಮೇಲೆ ಹಾಸಿ ನೋಡಿದರು. ಒಂದು ಕಡೆ 'ಉದ್ಯಾನ', ಇನ್ನೊಂದು ಕಡೆ 'ಸಾರ್ವಜನಿಕ ಸೌಲಭ್ಯ' ಎಂದು ಬರೆದ ಚೌಕಗಳಿದ್ದವು. ಮಂಜೂರಾದ ಲೇಔಟಿನಲ್ಲಿ ಇಂಥ ಜಾಗ ಬಿಡಲೇಬೇಕು. ಅದನ್ನು ಮಾರುವ ಹಾಗಿಲ್ಲ. ಅದು ಎಲ್ಲರಿಗೂ ಸೇರಿದ್ದು. ಹೋಗಿ ನೋಡಿದರೆ ಒಂದರಲ್ಲಿ ಯಾರದೋ ಮೇವಿನ ಬಣವೆ, ಇನ್ನೊಂದರಲ್ಲಿ ಉಸುಕಿನ ರಾಶಿ.

ಆ ನಕಾಶೆ ಹಿಡಿದು ಇಪ್ಪತ್ತೆರಡು ಹೆಣ್ಣುಮಕ್ಕಳು ವಾರ್ಡ್ ಸಭೆಗೆ ಹೋದರು. ಗದ್ದಲ ಮಾಡಲಿಲ್ಲ. ಜಾಗದ ಅಳತೆ ಮಾಡಿಸಬೇಕು, ಪಂಚಾಯತಿಯ ಹೆಸರಿಗೆ ಇದೆಯೋ ಇಲ್ಲವೋ ಹೇಳಬೇಕು, ಫಲಕ ಹಾಕಬೇಕು ಎಂದು ಮೂರು ಮಾತು ಬರೆಸಿದರು. ಸಹಿ ಹಾಕಿದರು. ನಡಾವಳಿಯ ನಕಲು ಕೊಡಿ ಎಂದು ಅರ್ಜಿ ಕೊಟ್ಟರು. ಕೆಲವು ಗಂಡಸರು ನಕ್ಕರು, ಒಬ್ಬ ಹಿರಿಯರು ಮಾತ್ರ "ಖರೆ ಅದ, ಇದು ನಮಗ್ಯಾಕ ಹೊಳೀಲಿಲ್ಲ" ಅಂದರು. ಉಸುಕು ತೆಗೆಸಿ ಫಲಕ ಹಾಕಲಿಕ್ಕೆ ಏಳು ತಿಂಗಳು ಹಿಡಿಯಿತು. ಕಟ್ಟಡ ಇನ್ನೂ ಆಗಿಲ್ಲ. ಅದಕ್ಕೆ ಬೇರೆ ಇಲಾಖೆ, ಬೇರೆ ಅನುದಾನ, ಮತ್ತೆ ಓಡಾಟ. ಆದರೆ ಜಾಗ ಉಳಿಯಿತು.

ಬೈಬಲಿನಲ್ಲಿ ಒಬ್ಬ ವಿಧವೆಯ ಕಥೆ ಇದೆ. ದೇವರಿಗೂ ಮನುಷ್ಯರಿಗೂ ಅಂಜದ ನ್ಯಾಯಾಧೀಶನ ಬಾಗಿಲಿಗೆ ಅವಳು ದಿನಾ ಹೋಗುತ್ತಾಳೆ. ಕಡೆಗೆ ಅವನು ಇವಳ ಕಾಟ ತಾಳಲಾರದೆ ನ್ಯಾಯ ಕೊಡುತ್ತಾನೆ. ನಮಗೆ ಆ ಹೆಣ್ಣುಮಗಳು ಬಹಳ ಇಷ್ಟ. ಅವಳ ಕೈಯಲ್ಲಿ ನಡಾವಳಿಯ ನಕಲು ಇದ್ದಿದ್ದರೆ ಇನ್ನೂ ಬೇಗ ಆಗುತ್ತಿತ್ತೇನೋ! ನಕಲು ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಬಿ.ಪಿ.ಎಲ್. ಕಾರ್ಡ್ ಇದ್ದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಈಗ ಪ್ಲಾಟಿನ ಮಾತು ಬಂತು, ಸ್ವಲ್ಪ ಗಟ್ಟಿಯಾಗಿ ಹೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಸಂಘದ ಸಾಲ ತೆಗೆದು, ಬಂಗಾರ ಅಡವಿಟ್ಟು ಪ್ಲಾಟು ಹಿಡಿಯುವವರು ನಿಮ್ಮಲ್ಲಿ ಹೆಚ್ಚಾಗಿದ್ದಾರೆ. ಮಕ್ಕಳಿಗೊಂದು ನೆಲೆ ಬೇಕು, ತಪ್ಪಲ್ಲ. ಆದರೆ ಹೊಲವನ್ನು ಹಾಗೆಯೇ ತುಂಡು ಮಾಡಿ ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟರೆ ಅದು ಮಾಲಕಿತನವಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಖರೀದಿ ಪತ್ರ ಬೇಕು. ಅದಕ್ಕಿಂತ ಮೊದಲು ಆ ಜಮೀನು ಎನ್.ಎ. ಆಗಿದೆಯೇ, ಲೇಔಟಿಗೆ ಮಂಜೂರಾತಿ ಇದೆಯೇ, ಪಂಚಾಯತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಬರುತ್ತದೆಯೇ ನೋಡಬೇಕು. "ಕರ ತುಂಬಿದ ಪಾವತಿ ಐತಿ ಸಿಸ್ಟರ್" ಎಂದು ತೋರಿಸುತ್ತಾರೆ. ಕರದ ಪಾವತಿ ಕರ ತುಂಬಿದ್ದಕ್ಕೆ ಮಾತ್ರ ಸಾಕ್ಷಿ, ಜಾಗ ನಿಮ್ಮದು ಎನ್ನುವುದಕ್ಕಲ್ಲ. ಉತಾರ ಇಲ್ಲದ ಜಾಗಕ್ಕೆ ಬ್ಯಾಂಕಿನವರು ಮನೆ ಸಾಲ ಕೊಡುವುದಿಲ್ಲ, ಸರಕಾರಿ ಮನೆ ಮಂಜೂರಾಗುವುದೂ ಕಷ್ಟ. ಮತ್ತೆ, ಖರೀದಿ ಯಾರ ಹೆಸರಿಗೆ? ಸಾಲದ ಕಂತು ನೀವು ತುಂಬುತ್ತೀರಿ, ಕಾಗದದಲ್ಲಿ ನಿಮ್ಮ ಹೆಸರಿರುವುದಿಲ್ಲ. ಗಂಡ ಹೆಂಡತಿ ಇಬ್ಬರ ಹೆಸರಿಗೂ ಮಾಡಿಸಬಹುದು. ಇದನ್ನು ಮನೆಯಲ್ಲಿ ಪ್ರೀತಿಯಿಂದಲೇ ಕೇಳಿ, ಆದರೆ ರಿಜಿಸ್ಟ್ರಿಯ ಮೊದಲೇ ಕೇಳಿ.

ಇಷ್ಟೆಲ್ಲ ಪ್ಲಾಟು, ಮನೆ ಆದ ಮೇಲೆ ಪಂಚಾಯತಿಗೆ ಕರ ಬರುತ್ತದೆ. ಅಂಚಿನ ಊರಿನ ಪಂಚಾಯತಿಯ ಸ್ವಂತ ಆದಾಯ ಒಳಗಿನ ಹಳ್ಳಿಗಿಂತ ಹೆಚ್ಚು. ಅದರ ಮೇಲೆ ಕೇಂದ್ರದ ಹಣವೂ ಇದೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಕೊಡಿಸಿದ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ಕುಡಿಯುವ ನೀರು ಮತ್ತು ಸ್ವಚ್ಛತೆಗೆ ಮೀಸಲಾಗಿತ್ತು. ನೀರು, ಗಟಾರ, ಕಸ ಇವೇ ನಮ್ಮ ತ್ರಾಸುಗಳು. ಹಣ ಎಷ್ಟು ಬಂತು, ಯಾವ ಓಣಿಗೆ ಹೋಯಿತು ಎಂದು ಗ್ರಾಮಸಭೆಯಲ್ಲಿ ಕೇಳುವುದು ಜಗಳವಲ್ಲ, ಲೆಕ್ಕ. ಕಸದ ವಿಷಯದಲ್ಲಂತೂ ರಾಜ್ಯದ ಹಲವು ಪಂಚಾಯತಿಗಳು ಮಹಿಳಾ ಒಕ್ಕೂಟಗಳ ಜೊತೆ ಒಪ್ಪಂದ ಮಾಡಿಕೊಂಡಿವೆ. ಸಂಘದ ಹೆಣ್ಣುಮಕ್ಕಳೇ ಸ್ವಚ್ಛ ವಾಹಿನಿ ಗಾಡಿ ಹೊಡೆಯುತ್ತಾರೆ. ನಿಮ್ಮ ಪಂಚಾಯತಿಯಲ್ಲಿ ಆ ಗಾಡಿ ಎಲ್ಲಿ ನಿಂತಿದೆ, ನೋಡಿ ಬನ್ನಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: "ನಮ್ಮೂರು ಸಿಟಿಗೆ ಸೇರಿದ್ರ ಚಲೋ ಆಗ್ತದೇನ್ರಿ?" ವಿಜಯಪುರ 2013ರಲ್ಲಿ ಮಹಾನಗರ ಪಾಲಿಕೆಯಾಯಿತು. ಪಾಲಿಕೆಯಾದ ಮೇಲೆ ಮೊದಲ ಚುನಾವಣೆ ನಡೆದದ್ದು 2022ರಲ್ಲಿ. ನಗರಕ್ಕೆ ಸೇರಿದರೆ ರಸ್ತೆ, ದೀಪ, ನಲ್ಲಿ ನೀರು ಬರಬಹುದು, ಕರವೂ ಬೇರೆಯಾಗುತ್ತದೆ. ಹೋಗುವುದೇನು ಎಂಬುದನ್ನು ಯಾರೂ ಹೇಳುವುದಿಲ್ಲ. ಗ್ರಾಮ ಪಂಚಾಯತಿ ಹೋಗುತ್ತದೆ, ಗ್ರಾಮಸಭೆ ಹೋಗುತ್ತದೆ. ಉದ್ಯೋಗ ಖಾತರಿ ಕೆಲಸ ಹೋಗುತ್ತದೆ. ಆ ಕಾನೂನಿನ ಜಾಗಕ್ಕೆ 2025ರಲ್ಲಿ ಹೊಸ ಕಾನೂನು ಬಂದರೂ ಅದು ಗ್ರಾಮೀಣ ಜನರಿಗಷ್ಟೇ. ಹೊಲದ ಕೂಲಿಯನ್ನು ನಂಬಿದ ತಾಯಂದಿರಿಗೆ ಇದು ಸಣ್ಣ ವಿಷಯವಲ್ಲ. ಪ್ಲಾಟು ಇದ್ದವರಿಗೆ ಲಾಭ, ಕೂಲಿಯವರಿಗೆ ನಷ್ಟ ಆಗುವ ಸಾಧ್ಯತೆಯೂ ಇದೆ. ಬೇಕೋ ಬೇಡವೋ ಎಂದು ನಾವು ಹೇಳುವುದಿಲ್ಲ, ಅದು ಊರಿನವರ ತೀರ್ಮಾನ. ಆದರೆ ಹದ್ದಿ ಬದಲಿಸುವ ಮುಂಚೆ ಸರಕಾರ ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕರೆಯುತ್ತದೆ. ಆ ದಿನಗಳಲ್ಲಿ ನಿಮ್ಮ ಅರ್ಜಿ ಹೋಗಬೇಕು. ಅದನ್ನು ಗ್ರಾಮಸಭೆಯಲ್ಲಿ ಓದಿಸಿ ಕೇಳಿ.

ಒಬ್ಬ ತಂಗಿ ಚೀಟಿ ಬರೆದು ಕೇಳಿದ್ದಾಳೆ, ಸದಸ್ಯರ ಅವಧಿ ಮುಗಿದಿದ್ದರೆ ಯಾರ ಹತ್ತಿರ ಹೋಗಬೇಕು ಎಂದು. ಒಳ್ಳೆಯ ಪ್ರಶ್ನೆ. ಪಂಚಾಯತಿಯ ಅವಧಿ ಐದು ವರ್ಷ. 2020ರಲ್ಲಿ ಕೊರೊನಾ ಕಾರಣ ಚುನಾವಣೆ ತಡವಾದಾಗ ಆಡಳಿತಾಧಿಕಾರಿಗಳನ್ನು ನೇಮಿಸಿದ್ದರು, ಡಿಸೆಂಬರಿನಲ್ಲಿ ಎರಡು ಹಂತದ ಚುನಾವಣೆ ಆಯಿತು. ತಾಲೂಕು, ಜಿಲ್ಲಾ ಪಂಚಾಯತಿಗಳದ್ದು ಇನ್ನೂ ಕಷ್ಟ. 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಕುರ್ಚಿ ಖಾಲಿ ಇದ್ದರೂ ಪಿ.ಡಿ.ಓ. ಇರುತ್ತಾರೆ, ಕಚೇರಿ ಇರುತ್ತದೆ, ಪುಸ್ತಕ ಇರುತ್ತದೆ. ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕೇಳುವ ಸದಸ್ಯರೇ ಇಲ್ಲದ ಹೊತ್ತಿನಲ್ಲಿ ಸಂಘದವರು ಇನ್ನೂ ಹೆಚ್ಚು ಕಣ್ಣಿಡಬೇಕು.

ಒಬ್ಬೊಬ್ಬರೇ ಹೋಗಬೇಡಿ. ವಾರದ ಸಂಘದ ಸಭೆಯಲ್ಲೇ ಒಂದು ಹಾಳೆಯಲ್ಲಿ ಓಣಿಯ ಬೇಡಿಕೆ ಬರೆಯಿರಿ. ಹತ್ತು ಬೇಡ, ಎರಡು ಸಾಕು. ಸಭೆಗೆ ಡಂಗುರ ಹೊಡೆಸಲಿಲ್ಲ ಎಂದು ಆಮೇಲೆ ಗೊಣಗುವ ಬದಲು ಪ್ರತಿ ತಿಂಗಳು ಒಬ್ಬರು ಪಂಚಾಯತಿ ಕಚೇರಿಯ ಫಲಕ ನೋಡಿ ಬರುವ ಪಾಳಿ ಹಚ್ಚಿಕೊಳ್ಳಿ. ಓದಲು ಬಾರದವರು ಮಗಳನ್ನು ಕರೆದುಕೊಂಡು ಹೋಗಲಿ, ಅವಳಿಗೂ ರೂಢಿಯಾಗುತ್ತದೆ.

ಮುಂದಿನ ತಿಂಗಳ ಒಕ್ಕೂಟದ ಸಭೆಗೆ ಬರುವಾಗ ಪ್ಲಾಟು ಹಿಡಿದವರು ತಮ್ಮ ಕಾಗದ ಮತ್ತು ನಕಾಶೆಯ ಝೆರಾಕ್ಸ್ ತನ್ನಿರಿ, ಕೂತು ಓದೋಣ. ಮೂಲ ಪ್ರತಿ ಮನೆಯಲ್ಲೇ ಇರಲಿ, ಯಾರು ಕೇಳಿದರೂ ಕೊಡಬೇಡಿ. ನಾವು ಕೇಳಿದರೂ ಸಹ.