ಕೊಟ್ಟಿಗೆಯಲ್ಲಿ ಅರ್ಧ ಗಳಿಗೆ

(ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ತರಬೇತಿ ಶಿಬಿರದಲ್ಲಿ ಹಿರಿಯ ಸದಸ್ಯೆಯೊಬ್ಬರು ಮಾಡಿದ ಭಾಷಣದ ಪಾಠ)



ಶುದ್ಧ ಹಾಲು ಉತ್ಪಾದನೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ವಿಸ್ತರಣಾಧಿಕಾರಿಗಳು ನನಗೆ ಹೇಳಿದ್ದಾರೆ. ಆ ಪಾಠವನ್ನು ಡಾಕ್ಟರು ನನಗಿಂತ ಚೆನ್ನಾಗಿ ಮಾಡುತ್ತಾರೆ. ನಾನು ಓದಿದವಳಲ್ಲ. 1996ರಲ್ಲಿ ಒಂದು ಹಸು ಕಟ್ಟಿ ಡೇರಿಗೆ ಹಾಲು ಹಾಕಲು ಶುರು ಮಾಡಿದವಳು. ಆದ್ದರಿಂದ ನಮ್ಮ ಮನೆಯ ನಗು, ನಮ್ಮ ಕೊಟ್ಟಿಗೆಯ ಸಣ್ಣಪುಟ್ಟ ಸಂತೋಷ, ಕೈಗೆ ಸಿಕ್ಕ ಒಂದೆರಡು ಉಪಾಯ, ಇಷ್ಟನ್ನೇ ಹೇಳುತ್ತೇನೆ. ಇದರಲ್ಲಿ ಶುದ್ಧ ಹಾಲು ಎಲ್ಲಿದೆ ಎಂದು ನೀವು ಕೇಳಬಹುದು. ಕೊನೆಗೆ ಅಲ್ಲಿಗೇ ಬರುತ್ತೇನೆ.

ಮೊದಲು ಒಂದು ಕರುವಿನ ಕಥೆ. ಆಗ ಹಾಲಿನ ಲೆಕ್ಕವನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ನಮ್ಮ ಯಜಮಾನರು ಒಂದು ಸಂಜೆ ಆ ಪುಸ್ತಕವನ್ನು ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿ ಹುಲ್ಲು ತರಲು ಹೋದರು. ಬರುವ ಹೊತ್ತಿಗೆ ಆರು ತಿಂಗಳ ಕರು ಅರ್ಧ ಪುಸ್ತಕ ನುಂಗಿ, ಉಳಿದರ್ಧವನ್ನು ಅಗಿಯುತ್ತ ನಿಂತಿತ್ತು. ಹದಿನೈದು ದಿನದ ಬಟವಾಡೆ ಅದರ ಹೊಟ್ಟೆಯಲ್ಲಿ! ಇವರು ಉಳಿದ ಚೂರುಗಳನ್ನು ಹಿಡಿದು ಸಂಘಕ್ಕೆ ಓಡಿದರು. ಕಾರ್ಯದರ್ಶಿಗಳು ನೋಡಿ, "ತಾಯಿ ದುಡಿದದ್ದನ್ನು ಮಗಳು ತಿಂದಳು, ಅದರಲ್ಲಿ ತಪ್ಪೇನಿದೆ?" ಎಂದು ನಕ್ಕು, ಸಂಘದ ರಿಜಿಸ್ಟರ್ ನೋಡಿ ಬೇರೆ ಪುಸ್ತಕ ಬರೆದುಕೊಟ್ಟರು.

ನಾವೂ ನಕ್ಕೆವು. ಆದರೆ ಆ ದಿನ ಅಲ್ಲಿದ್ದ ಪಶುವೈದ್ಯರು ನಗಲಿಲ್ಲ. "ಕರು ಗೋಡೆ ನೆಕ್ಕುತ್ತದೆಯೇ? ಮಣ್ಣು ತಿನ್ನುತ್ತದೆಯೇ?" ಎಂದು ಕೇಳಿದರು. ಹೌದು, ನೆಕ್ಕುತ್ತಿತ್ತು. ಲವಣಾಂಶ, ಅದರಲ್ಲೂ ರಂಜಕ ಕಡಿಮೆಯಾದರೆ ದನಗಳು ಕಾಗದ, ಬಟ್ಟೆ, ಮೂಳೆ, ಮಣ್ಣು ಹುಡುಕಿಕೊಂಡು ತಿನ್ನುತ್ತವೆ. ಹೊಟ್ಟೆಯಲ್ಲಿ ಜಂತು ಇದ್ದರೂ ಹಾಗೆಯೇ ಮಾಡುತ್ತವೆ ಎಂದರು. ಜಂತಿನ ಔಷಧಿ ಕುಡಿಸಿದೆವು. ಡಾಕ್ಟರು ಹೇಳಿದ ಅಳತೆಯಲ್ಲಿ ಕರುವಿಗೂ, ದಿನಕ್ಕೆ ಸುಮಾರು 50 ಗ್ರಾಂನಂತೆ ಹಸುವಿಗೂ ಲವಣ ಮಿಶ್ರಣ ಹಾಕತೊಡಗಿದೆವು. ಗೋಡೆ ನೆಕ್ಕುವುದು ನಿಂತಿತು. ಪುಸ್ತಕ ತಿಂದ ಆ ಕರುವೇ ಮುಂದೆ ನಮ್ಮ ಮನೆಯ ಒಳ್ಳೆಯ ಹಸುವಾಯಿತು. ಅದರ ಹೆಸರು ಗೌರಿ.

ಎರಡನೆಯದು ನಮ್ಮ ಯಜಮಾನರ ಕಥೆ. ಅವರು ಹಿಂದಿನ ಸಾಲಿನಲ್ಲೇ ಇದ್ದಾರೆ, ಕ್ಷಮಿಸಬೇಕು. ನಾನು ತವರಿಗೆ ಹೋಗಿದ್ದೆ. ಅತ್ತೆಗೆ ಜ್ವರ. ಇವರು ಹಾಲು ಕರೆಯಲು ಕೂತರೆ ಕೆಂಪಿ ಎಂಬ ನಮ್ಮ ಹಸು ಸೊರೆ ಬಿಡಲಿಲ್ಲ. ಒದ್ದು ಬಕೆಟ್ಟು ಉರುಳಿಸಿತು. ಅತ್ತೆ ಮಲಗಿದ್ದಲ್ಲಿಂದಲೇ, "ನನ್ನ ಹಳೇ ಸೀರೆ ಹೊದ್ಕೊಂಡು ಹೋಗೋ, ಮಾತು ಆಡಬೇಡ" ಎಂದರು. ಇವರು ಸೀರೆ ಹೊದ್ದು, ಮುಸುಕು ಹಾಕಿ ಕೂತರು. ಕೆಂಪಿ ಒಂದು ಸಲ ಮೂಸಿ ನೋಡಿ ಸುಮ್ಮನಾಯಿತು. ಹಾಲೂ ಇಳಿಯಿತು. ಅದೇ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಮಜ್ಜಿಗೆಗೆ ಬಂದವರು, "ಏನವ್ವಾ, ಜ್ವರ ವಾಸಿಯಾಯಿತಾ?" ಎಂದು ಬೆನ್ನ ಹಿಂದೆ ಬಂದು ನಿಂತರು. ಮುಸುಕಿನೊಳಗಿಂದ ಮೀಸೆ ಕಂಡದ್ದೇ ತಡ, ಅಜ್ಜಿ ಚೊಂಬು ಅಲ್ಲೇ ಬಿಟ್ಟು ಬೀದಿಗೆ ಓಡಿದರು. ಊರೆಲ್ಲ ಒಂದು ವಾರ ನಕ್ಕಿತು.

ಇದರಲ್ಲೂ ಒಂದು ತಿಳಿವಳಿಕೆ ಇದೆ. ಹಸುವಿಗೆ ಪರಿಚಿತ ವಾಸನೆ, ಪರಿಚಿತ ಕೈ, ಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆದ ಸ್ಪರ್ಶ, ಇವು ಸಿಕ್ಕರೆ ಅದರ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಚೋದಕ ರಸ ರಕ್ತಕ್ಕೆ ಇಳಿದು, ಸುಮಾರು ಒಂದು ನಿಮಿಷದಲ್ಲಿ ಕೆಚ್ಚಲು ಬಿಗಿಯುತ್ತದೆ. ಅದರ ಪ್ರಭಾವ ಐದರಿಂದ ಏಳು ನಿಮಿಷ ಮಾತ್ರ. ಅಷ್ಟರಲ್ಲಿ ಕರೆದು ಮುಗಿಸಬೇಕು. ಹಸು ಹೆದರಿದರೆ, ನೋವಾದರೆ ಹಾಲು ಮೇಲಕ್ಕೇ ನಿಲ್ಲುತ್ತದೆ. ಕೊನೆಯಲ್ಲಿ ಬರುವ ಹಾಲಿನಲ್ಲೇ ಜಿಡ್ಡು ಹೆಚ್ಚು. ಅದು ಒಳಗೇ ಉಳಿದರೆ ನಮ್ಮ ಜಿಡ್ಡಿನ ಲೆಕ್ಕವೂ ಇಳಿಯುತ್ತದೆ, ಹಸುವಿನ ಕೆಚ್ಚಲಿಗೂ ಕೇಡು. ಬೈಯುತ್ತ ಕರೆದವರಿಗಿಂತ ಮೈದಡವಿ ಕರೆದವರಿಗೆ ಜಿಡ್ಡು ಹೆಚ್ಚು ಬಂದರೆ ಯಂತ್ರವನ್ನು ದೂರಬೇಡಿ.

ಮೂರನೆಯದು ಕ್ಯಾಲೆಂಡರಿನ ಕಥೆ. ಬೆದೆಗೆ ಬಂದ ದಿನಕ್ಕೆ ಕೆಂಪು ಸುತ್ತು ಹಾಕಿ, 21 ದಿನ ಎಣಿಸಿ ಇನ್ನೊಂದು ಸುತ್ತು ಹಾಕುವ ಕೆಲಸ ನಮ್ಮ ಮಗಳದು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಎಂಬುದನ್ನೂ ಅಲ್ಲೇ ಬರೆದಿದ್ದಳು. ಆಕೆಯನ್ನು ನೋಡಲು ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು, ಕಾಫಿ ಆಯಿತು. ಗಂಡಿನ ತಾಯಿ ಗೋಡೆಯ ಕಡೆಗೇ ನೋಡುತ್ತಿದ್ದಾರೆ. ಮಾತು ಕಡಿಮೆಯಾಯಿತು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, "ನಿಮಗೆ ಒಬ್ಬಳೇ ಮಗಳು ಅಂದಿದ್ದರಲ್ಲ, ಈ ಗೌರಿ ಯಾರು?" ಎಂದರು. ತಿರುಗಿ ನೋಡಿದೆ. ಕ್ಯಾಲೆಂಡರಿನಲ್ಲಿ ದಪ್ಪ ಅಕ್ಷರದಲ್ಲಿ, "ಗೌರಿಗೆ ಏಳು ತಿಂಗಳು ತುಂಬಿತು" ಎಂದಿತ್ತು! ನಾನು ಮಾತಾಡದೆ ಅವರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಗೌರಿಯನ್ನು ತೋರಿಸಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಂಬಂಧ ಆಯಿತು. "ಲೆಕ್ಕ ಬರೆದಿಡುವ ಹುಡುಗಿ ಸಿಕ್ಕಿದಳು" ಎಂದು ಬೀಗಿತ್ತಿ ಈಗಲೂ ಹೇಳುತ್ತಾರೆ. ಏಳು ತಿಂಗಳು ತುಂಬಿದರೆ ಹಾಲು ಬತ್ತಿಸಬೇಕು, ಹೆರಿಗೆಗೆ ಮುಂಚೆ ಎರಡು ತಿಂಗಳು ಕೆಚ್ಚಲಿಗೆ ವಿಶ್ರಾಂತಿ ಬೇಕು. ಅದನ್ನು ನೆನಪಿಸುವುದಕ್ಕೇ ಆಕೆ ಹಾಗೆ ಬರೆದದ್ದು.

ಇನ್ನು ನಾಲಿಗೆಯ ಸಂತೋಷ. ಹಸು ಈದ ಮನೆಯಲ್ಲಿ ಗಿಣ್ಣು ಬೇಯುವ ವಾಸನೆ ನಾಲ್ಕು ಮನೆಗೆ ಗೊತ್ತಾಗುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣನ್ನು ಬೀದಿಯ ಮನೆಗಳಿಗೆ ಹಂಚುವುದು ನಮ್ಮ ಪದ್ಧತಿ. ಆದರೆ ನಮ್ಮತ್ತೆಯ ಕಟ್ಟಳೆ ಬಿಗಿ: ಮೊದಲು ಕರು, ಆಮೇಲೆ ಒಲೆ. ಈಗ ಡಾಕ್ಟರೂ ಅದನ್ನೇ ಹೇಳುತ್ತಾರೆ. ಹುಟ್ಟಿದ ಒಂದು ಗಂಟೆಯೊಳಗೆ ಕರುವಿಗೆ ಗಿಣ್ಣುಹಾಲು ಕುಡಿಸಬೇಕು. ಮೊದಲ ದಿನ ಅದರ ತೂಕದ ಹತ್ತನೇ ಒಂದು ಭಾಗ, ಅಂದರೆ 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರು, ಎರಡು ಮೂರು ಸಲ ಹಂಚಿ ಕೊಡಬೇಕು. ರೋಗ ತಡೆಯುವ ಶಕ್ತಿ ಕರುವಿಗೆ ಬರುವುದು ಅದರಿಂದಲೇ. ಮಿಕ್ಕದ್ದು ನಮಗೆ. ಮೊದಲ ಐದು ದಿನದ ಹಾಲನ್ನು ಡೇರಿಗಂತೂ ಹಾಕಬಾರದು.

ತುಪ್ಪ ಕಾಯಿಸಿದ ದಿನ ಒಂದು ವೀಳ್ಯದೆಲೆ ಹಾಕಿ ಇಳಿಸಿ, ಸೋಸಿದ ಮೇಲೆ ತಳದಲ್ಲಿ ಗಸಿ ಉಳಿಯುತ್ತದಲ್ಲ, ಅದಕ್ಕೆ ಬೆಲ್ಲದ ಪುಡಿ ಕಲಸಿ ಬಿಸಿ ರಾಗಿ ರೊಟ್ಟಿಗೆ ಸವರಿ ಕೊಟ್ಟರೆ ಮಕ್ಕಳಿಗೆ ಬೇರೆ ಮಿಠಾಯಿ ಬೇಡ. ಆ ಪಾತ್ರೆಗಾಗಿ ನಮ್ಮ ಮನೆಯಲ್ಲಿ ಜಗಳವೇ ಆಗುತ್ತಿತ್ತು. ಸರದಿ ಗೊತ್ತು ಮಾಡಿದೆವು. ಒಂದು ಸಲ ಸರದಿ ತಪ್ಪಿಸಿ ಸಿಕ್ಕಿಬಿದ್ದವರು ಮನೆಯ ಯಜಮಾನರೇ!

ನಗುವ ಮಾತು ಇಷ್ಟು. ಈಗ ನಗಲಾರದ ಒಂದು ಮಾತನ್ನೂ ಹೇಳಬೇಕು.

2009ರಲ್ಲಿ ಸಾಲ ಮಾಡಿ ಹಸುಗಳನ್ನು ನಾಲ್ಕು ಮಾಡಿಕೊಂಡೆವು. ಕಂತು ಕಟ್ಟುವ ಆತುರ. ಬೆಳಿಗ್ಗೆ ಬಡಬಡ ಕರೆದು ಕ್ಯಾನು ಹೊರಿಸಿದರೆ ಸಾಕು ಎನ್ನುವಂತಾಯಿತು. ಅದುವರೆಗೆ ನಮ್ಮತ್ತೆ ದಿನವೂ ಕರೆಯುವ ಹೊತ್ತಿಗೆ ಒಂದು ಮಣೆ ಹಾಕಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ಕೂರುತ್ತಿದ್ದರು. ಮೊದಲ ಲೋಟ ಹಾಲು ಕಾಯಿಸಿ ಅವರಿಗೆ. ಬಕೆಟ್ಟಿಗೆ ಹಾಲು ಬೀಳುವ ಸದ್ದು ಕೇಳುವುದೇ ಅವರಿಗೆ ಒಂದು ಹಿತ. ನಾಲ್ಕು ಹಸು ಆದ ಮೇಲೆ ನಾನು, "ನೆಲ ಜಾರುತ್ತೆ, ನೀವು ಒಳಗೇ ಇರಿ ಅತ್ತೆ" ಎಂದೆ. ಮಣೆ ಒಳಕ್ಕೆ ಹೋಯಿತು. ಲೋಟವೂ ನಿಂತಿತು. ಹಾಲೆಲ್ಲ ಡೇರಿಗೆ, ಮನೆಗೆ ಕಪ್ಪು ಚಹ.

ಒಂದು ದಿನ ಅವರು ಒಳಗಿನಿಂದಲೇ, "ಕೆಂಪಿಯ ಒಂದು ಮೊಲೆಯ ಸದ್ದು ಸಣ್ಣಗಾಗಿದೆ ಕಣಮ್ಮಿ, ನೋಡು" ಎಂದರು. ನಾನು, "ನಿಮ್ಮ ಕಿವಿ ಮಂದ ಆಗಿದೆ ಅತ್ತೆ" ಎಂದುಬಿಟ್ಟೆ. ನಾಲ್ಕು ದಿನಕ್ಕೆ ಹಿಂದಿನ ಎಡಮೊಲೆ ಕಲ್ಲಿನಂತಾಯಿತು. ಕೆಚ್ಚಲು ಬಾವು. ಹಾಲಿನಲ್ಲಿ ಗರಣೆ, ಆಮೇಲೆ ರಕ್ತ. ಡಾಕ್ಟರು ಬಂದು ಚಿಕಿತ್ಸೆ ಮಾಡಿದರು. ಹಸು ಉಳಿಯಿತು, ಆ ಮೊಲೆ ಉಳಿಯಲಿಲ್ಲ. ಔಷಧಿಯ ದಿನಗಳಲ್ಲೂ, ಆಮೇಲೆ ಡಾಕ್ಟರು ಹೇಳಿದಷ್ಟು ದಿನವೂ ಅದರ ಹಾಲನ್ನು ಡೇರಿಗೆ ಹಾಕುವಂತಿರಲಿಲ್ಲ. ಕಂತು ತಪ್ಪಿತು. ನನ್ನ ಮಾತನ್ನು ಅತ್ತೆ ಒಮ್ಮೆಯೂ ಎತ್ತಿ ಆಡಲಿಲ್ಲ. ಕೆಂಪಿಯ ಬೆನ್ನು ಸವರಿ, "ಅದಕ್ಕೆ ಎಷ್ಟು ನೋವಿತ್ತೋ" ಎಂದರು, ಅಷ್ಟೆ. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಕ್ಕತಂಗಿಯರೇ, ಆ ದಿನ ನನಗೆ ತಿಳಿದದ್ದು ಇದು. ಅತ್ತೆ ಬಾಗಿಲಲ್ಲಿ ಕೂರುತ್ತಿದ್ದುದು ಬರಿಯ ಸಂತೋಷಕ್ಕೆ ಎಂದು ನಾನು ತಿಳಿದಿದ್ದೆ. ಆ ಸಂತೋಷವೇ ನಮ್ಮ ಕೊಟ್ಟಿಗೆಯ ಕಾವಲಾಗಿತ್ತು. ಇಷ್ಟಪಟ್ಟು ನೋಡುವವರ ಕಣ್ಣಿಗೆ, ಇಷ್ಟಪಟ್ಟು ಕೇಳುವವರ ಕಿವಿಗೆ ರೋಗ ಮೊದಲು ಸಿಗುತ್ತದೆ.

ಮಾರನೆಯ ದಿನ ಮಣೆ ಮತ್ತೆ ಬಾಗಿಲಿಗೆ ಬಂತು. ಜಾರದಂತೆ ಕೆಳಗೆ ಗೋಣಿತಾಟು ಹಾಸಿದೆ. ಲೋಟವೂ ಬಂತು. ಜೊತೆಗೆ ಮೂರು ಉಪಾಯ ಕಲಿತೆವು. ಖರ್ಚಿಲ್ಲದವು, ನೀವೂ ಮಾಡಬಹುದು.

ಒಂದು, ಹರಿದ ಛತ್ರಿಯ ಕಪ್ಪು ಬಟ್ಟೆ. ಅದನ್ನು ತೊಳೆದು ಒಂದು ಹಳೇ ಲೋಟದ ಬಾಯಿಗೆ ಬಿಗಿದು ಕಟ್ಟಿ. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಯನ್ನು ಅದರ ಮೇಲೆ ಕರೆಯಿರಿ. ಗರಣೆ ಇದ್ದರೆ ಕಪ್ಪಿನ ಮೇಲೆ ಬೆಳ್ಳಗೆ ಎದ್ದು ಕಾಣುತ್ತದೆ. ಆ ಮೊದಲ ಧಾರೆಯಲ್ಲಿ ಸೂಕ್ಷ್ಮಾಣುಗಳು ಹೆಚ್ಚು. ಅದನ್ನು ಬಕೆಟ್ಟಿಗೂ ಬಿಡಬೇಡಿ, ನೆಲಕ್ಕೂ ಬಿಡಬೇಡಿ.

ಎರಡು, ಬಟ್ಟೆ ಒಗೆಯುವ ಪುಡಿ. ಅರ್ಧ ಲೀಟರ್ ನೀರಿಗೆ ಆರು ಟೀ ಚಮಚ, ಸಪಾಟಾಗಿ, ಹಾಕಿ ಕರಗಿಸಿಡಿ. ನಾಲ್ಕು ಬಟ್ಟಲಿನಲ್ಲಿ ನಾಲ್ಕು ಮೊಲೆಯ ಹಾಲು ಬೇರೆ ಬೇರೆ ಹಿಡಿದು, ಅಷ್ಟೇ ಅಳತೆಯ ಪುಡಿನೀರು ಬೆರೆಸಿ ಒಂದು ನಿಮಿಷ ಅಲ್ಲಾಡಿಸಿ. ಯಾವುದು ಲೋಳೆಯಾಗಿ ಗಟ್ಟಿಯಾಗುತ್ತದೋ ಆ ಮೊಲೆಯಲ್ಲಿ ಕಣ್ಣಿಗೆ ಕಾಣದ ಬಾವು ಇರಬಹುದು. ಕೂಡಲೇ ಡಾಕ್ಟರಿಗೆ ಹೇಳಿ. ಪರೀಕ್ಷೆ ಮಾಡಿದ್ದನ್ನು ಚೆಲ್ಲಿ, ಬಟ್ಟಲನ್ನು ಬೇರೆ ಇಡಿ. ವಾರಕ್ಕೊಮ್ಮೆ ನಮ್ಮ ಮೊಮ್ಮಕ್ಕಳು ಇದನ್ನು ಆಟದಂತೆ ಮಾಡುತ್ತಾರೆ.

ಮೂರು, ಕರೆದ ಮೇಲೆ ಮೇವು. ಕರೆದಾದ ಮೇಲೆ ಸುಮಾರು ಅರ್ಧ ಗಂಟೆ ಮೊಲೆಯ ತೂತು ಪೂರ್ತಿ ಮುಚ್ಚಿರುವುದಿಲ್ಲ. ಹಸು ಸಗಣಿಯ ಮೇಲೆ ಮಲಗಿದರೆ ರೋಗ ಒಳಕ್ಕೆ. ಕರೆದ ಕೂಡಲೇ ಹಸಿರು ಹುಲ್ಲು ಹಾಕಿದರೆ ಅದು ತಿನ್ನುತ್ತ ನಿಂತಿರುತ್ತದೆ. ಆ ಹೊತ್ತಿನಲ್ಲಿ ನೀವೂ ಅಲ್ಲೇ ಕೂತು ಒಂದು ಲೋಟ ಕಾಫಿ ಕುಡಿಯಿರಿ. ನನ್ನ ಮಟ್ಟಿಗೆ ದಿನದಲ್ಲಿ ಅದಕ್ಕಿಂತ ಹಿತವಾದ ಹೊತ್ತು ಬೇರೊಂದಿಲ್ಲ.

ಕೊನೆಯದಾಗಿ ಆ ಲೋಟದ ಮಾತು. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ತಮ್ಮ ಹಾಲಿಗೆ ತಾವೇ ಬೆಲೆ ಪಡೆಯಬೇಕೆಂದು ಸಹಕಾರ ಒಕ್ಕೂಟ ಕಟ್ಟಿದರು. ಅದೇ ದಾರಿಯಲ್ಲಿ ನಮ್ಮ ಸಂಘಗಳೂ ಬೆಳೆದವು. ಅದು ನಮ್ಮ ಮನೆ ಚೆನ್ನಾಗಿರಲಿ ಎಂದು ಕಟ್ಟಿದ್ದು. ಹಾಲು ಹಾಕುವ ಮನೆಯ ಮಕ್ಕಳೂ ಮುದುಕರೂ ಕಪ್ಪು ಚಹ ಕುಡಿಯಲಿ ಎಂದಲ್ಲ. ಡೇರಿಗೆ ಹಾಲು ಹಾಕಿ, ಶುದ್ಧವಾಗಿ ಹಾಕಿ, ಪೂರ್ತಿ ಹಾಕಬೇಡಿ. ಮನೆಯಲ್ಲಿ ಇರುವಷ್ಟು ಮಂದಿಗೆ ಲೋಟ ಎಣಿಸಿ, ಉಳಿದದ್ದನ್ನು ಕ್ಯಾನಿಗೆ ಸುರಿಯಿರಿ.

ಅತ್ತೆ ಈಗ ಇಲ್ಲ. ಕೆಂಪಿ ಮೂರೇ ಮೊಲೆಯಲ್ಲಿ ಮತ್ತೆ ಮೂರು ಕರುಗಳನ್ನು ಸಾಕಿ, ನಮ್ಮಲ್ಲೇ ಮುದಿಯಾಗಿ ಹೋಯಿತು. ಆ ಮಣೆಯ ಮೇಲೆ ಈಗ ನಾನು ಕೂರುತ್ತೇನೆ, ಸೊಸೆ ಕರೆಯುತ್ತಾಳೆ. ಮೊನ್ನೆ ನಾನು, "ಆ ಕಡೆ ಹಸುವಿನ ಸದ್ದು ಯಾಕೋ ಬೇರೆ ಕೇಳುತ್ತದೆ" ಎಂದೆ. ಅವಳು ಕರೆಯುವುದನ್ನು ನಿಲ್ಲಿಸಿ, ಎದ್ದು ಹೋಗಿ, ಕಪ್ಪು ಬಟ್ಟೆಯ ಲೋಟ ತಂದಳು. ಹಾಲು ಶುದ್ಧವಾಗಿಯೇ ಇತ್ತು. ಬಕೆಟ್ಟು ಹೊಸದು, ಅದಕ್ಕೇ ಸದ್ದು ಬೇರೆ! ಇಬ್ಬರೂ ನಕ್ಕೆವು. ಆದರೂ ಅವಳು ಎದ್ದು ನೋಡಿದಳಲ್ಲ, ಅದು ನನಗೆ ದೊಡ್ಡ ಸಮಾಧಾನ.

ಅರ್ಧ ಗಳಿಗೆ ಎಂದರೆ ಹನ್ನೆರಡು ನಿಮಿಷ. ದಿನಕ್ಕೆ ಅಷ್ಟು ಹೊತ್ತು, ಕೆಲಸವಿಲ್ಲದೆ, ಆತುರವಿಲ್ಲದೆ, ನಿಮ್ಮ ಹಸುವಿನ ಹತ್ತಿರ ಕೂತು ಬನ್ನಿ. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ.