ಬಣವೆಯ ನೆರಳಿನ ಬಣ್ಣ

ಇಂದು ನಿಮಗೆ ಫ್ರಾನ್ಸ್ ದೇಶದ ಚಿತ್ರಕಾರರ ಒಂದು ಜಗಳದ ಕಥೆ ಹೇಳುತ್ತೇನೆ.

ನೂರೈವತ್ತು ವರ್ಷಗಳ ಹಿಂದೆ ಅಲ್ಲಿ ಚಿತ್ರ ಬರೆದು ಹೊಟ್ಟೆ ಹೊರೆಯಬೇಕಾದರೆ ಪ್ಯಾರಿಸ್ಸಿನ 'ಸಾಲೊನ್' ಎಂಬ ದೊಡ್ಡ ಪ್ರದರ್ಶನದ ಗೋಡೆಯಲ್ಲಿ ಜಾಗ ಸಿಗಬೇಕಿತ್ತು. ಆರಿಸುವವರು ಹೆಚ್ಚಾಗಿ ಅಕಾಡೆಮಿಯ ಹಿರಿಯರು. ಅವರ ಲೆಕ್ಕದಲ್ಲಿ ದೇವತೆಗಳ, ಯುದ್ಧಗಳ ಚಿತ್ರಕ್ಕೆ ಮೊದಲ ಪಂಕ್ತಿ. ಹೊಲ, ಹೊಳೆಗಳಿಗೆ ಕೆಳಗಿನ ಪಂಕ್ತಿ. ಬಯಲಲ್ಲಿ ಕರಡು ಮಾಡಿಕೊಳ್ಳಬಹುದು; ಆದರೆ ಚಿತ್ರವನ್ನು ಕೋಣೆಯಲ್ಲಿ ಕೂತು ನುಣುಪಾಗಿ ಮುಗಿಸಬೇಕು, ಕುಂಚದ ಗುರುತು ಕಾಣಕೂಡದು. 1863ರಲ್ಲಿ ತಿರಸ್ಕೃತರ ಕೂಗು ಎಷ್ಟಾಯಿತೆಂದರೆ, ಚಕ್ರವರ್ತಿ ಮೂರನೆಯ ನೆಪೋಲಿಯನ್ನನೇ ಅವರಿಗೆ ಬೇರೊಂದು ಪ್ರದರ್ಶನ ಮಾಡಿಸಿಕೊಟ್ಟ.

ಇಷ್ಟರಲ್ಲಿ ಒಂದು ಸಣ್ಣ ವಸ್ತು ಬಂದಿತ್ತು. ಮೊದಲು ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. 1841ರಲ್ಲಿ ಅಮೆರಿಕದ ಜಾನ್ ರಾಂಡ್ ತವರದ ಟ್ಯೂಬು ಮಾಡಿದ. ಬಣ್ಣ ಹೊತ್ತು ಹೊಲಕ್ಕೆ ಹೋಗುವುದು ಸುಲಭವಾಯಿತು. ಕ್ಲೋದ್ ಮೊನೆ, ಪಿಸಾರೊ, ಸಿಸ್ಲಿ, ರೆನ್ವಾರ್ ಬಯಲಲ್ಲೇ ನಿಂತು ಬರೆದರು. ಬಿಸಿಲು ಕಾಯುವುದಿಲ್ಲ, ಹಾಗಾಗಿ ಕುಂಚ ಬೇಗ ಬೇಗ ಆಡಬೇಕು. ನೆರಳು ಬರೀ ಕಪ್ಪಲ್ಲ, ಅದರಲ್ಲಿ ನೀಲಿಯೂ ನೇರಳೆಯೂ ಇದೆ ಎಂದು ಕಂಡರು, ಕಂಡದ್ದನ್ನೇ ಬಳಿದರು.

1874ರ ಏಪ್ರಿಲ್‌ನಲ್ಲಿ ಇವರೂ ಸೇರಿ 30 ಮಂದಿ, ನಾದಾರ್ ಎಂಬ ಛಾಯಾಗ್ರಾಹಕನ ಹಳೆಯ ಸ್ಟುಡಿಯೋದಲ್ಲಿ ತಮ್ಮದೇ ಪ್ರದರ್ಶನ ಇಟ್ಟರು. ಮೊನೆ ಬರೆದ ಬಂದರಿನ ಚಿತ್ರದ ಹೆಸರು 'ಇಂಪ್ರೆಷನ್, ಸೂರ್ಯೋದಯ'. ಇಂಪ್ರೆಷನ್ ಎಂದರೆ ಆ ಕ್ಷಣ ಮನಸ್ಸಿನಲ್ಲಿ ಬಿದ್ದ ಅಚ್ಚು. ಲೂಯಿ ಲೆರ್ವಾ ಎಂಬ ಪತ್ರಕರ್ತ ಆ ಶಬ್ದ ಹಿಡಿದೇ ಗೇಲಿ ಮಾಡಿದ. ಗೇಲಿಯ ಹೆಸರೇ ಕಾಯಂ ಆಯಿತು: ಇಂಪ್ರೆಷನಿಸ್ಟರು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವ, ಲೆಕ್ಕ ಹೇಳದೆ ಬಿಡಲಾರೆ. ಆ ಚಿತ್ರವನ್ನು ಒಬ್ಬ ವ್ಯಾಪಾರಿ 800 ಫ್ರಾಂಕಿಗೆ ಕೊಂಡ. ಅವನು ದಿವಾಳಿಯಾಗಿ, 1878ರ ಹರಾಜಿನಲ್ಲಿ ಅದಕ್ಕೆ ಬಂದದ್ದು 210 ಫ್ರಾಂಕು! ಕಷ್ಟಕ್ಕೆ ಸಿಕ್ಕಿದ ಮೊನೆ 1880ರಲ್ಲಿ ಸಾಲೊನ್ನಿನ ಬಾಗಿಲು ಮತ್ತೆ ತಟ್ಟಿದ. ಎರಡು ಚಿತ್ರಗಳಲ್ಲಿ ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಹಿಂದಿರುಗಿಸಿದರು.

ಆದರೂ ಬಯಲನ್ನು ಅವನು ಬಿಡಲಿಲ್ಲ. 1890-91ರಲ್ಲಿ ಝಿವೆರ್ನಿ ಎಂಬ ಹಳ್ಳಿಯಲ್ಲಿ, ಮನೆಯ ಹತ್ತಿರದ ಹೊಲದಲ್ಲಿ ಒಟ್ಟಿದ್ದ ಬಣವೆಗಳನ್ನು ಸುಮಾರು 25 ಚಿತ್ರಗಳಲ್ಲಿ ಬರೆದ. ಬೆಳಗಿನದು ಒಂದು, ಸಂಜೆಯದು ಒಂದು, ಹಿಮ ಬಿದ್ದಾಗಿನದು ಇನ್ನೊಂದು. ಬೆಳಕು ಬದಲಾದರೆ ಕ್ಯಾನ್ವಾಸೂ ಬದಲು. 1891ರ ಮೇ ತಿಂಗಳಲ್ಲಿ ಅವುಗಳಲ್ಲಿ 15ನ್ನು ಪ್ಯಾರಿಸ್ಸಿನಲ್ಲಿ ಇಟ್ಟಾಗ ಜನ ಮುಗಿಬಿದ್ದು ಕೊಂಡರು.

ದೇವತೆಗಳಿಗೆ ಮೀಸಲಾಗಿದ್ದ ಮರ್ಯಾದೆ ರೈತನ ಬಣವೆಗೂ ಸಿಕ್ಕಿತು. ಜಗಳ ನಡೆದದ್ದು ಇದಕ್ಕಾಗಿ. ಈ ಸುಗ್ಗಿಯಲ್ಲಿ ನೀವೂ ಬದುವಿನ ಮೇಲೆ ಒಂದು ಘಳಿಗೆ ನಿಂತು ನೋಡಿ. ನೆರಳು ಕಪ್ಪೋ ನೀಲಿಯೋ, ನಿಮ್ಮ ಕಣ್ಣೇ ಹೇಳಲಿ.