ಪತ್ರಿಕೆಯ ಇಂಗ್ಲಿಷೂ ನಮ್ಮ ‘ಅಂತೆ’ಯೂ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಇಂಗ್ಲಿಷ್ ಶಬ್ದಗಳ ಮಾತೆತ್ತುವುದು ಕೆಲವರಿಗೆ ಸರಿಕಾಣದೆ ಹೋದೀತು. ಆದರೆ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಾವು ಇಂಗ್ಲಿಷ್ ಪತ್ರಿಕೆಯನ್ನು ಓದದೆ ವಿಧಿಯಿಲ್ಲ. ಓದುವುದೇ ಆದರೆ ಸರಿಯಾಗಿ ಓದಬೇಕು.

‘ಸಮಾಚಾರ’ವೆಂಬ ಮಾತಿನಲ್ಲಿ ಈ ಊರಿಗೂ ನಮ್ಮ ನಾಡಿಗೂ ನಂಟುಂಟು. 1822ರ ಜುಲೈ 1ರಂದು ಇಲ್ಲಿ ಗುಜರಾತಿಯ ‘ಮುಂಬಯಿ ಸಮಾಚಾರ’ ಹುಟ್ಟಿತು. 1843ರ ಜುಲೈ 1ರಂದು ಮೋಗ್ಲಿಂಗ್ ಪಾದ್ರಿಗಳು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅಂದಿನಿಂದ ಕನ್ನಡವು ಈ ಕಸಬಿನ ಮಾತುಗಳನ್ನು ತನ್ನದೇ ರೀತಿಯಲ್ಲಿ ಕಟ್ಟಿಕೊಂಡು ಬಂದಿದೆ.

ಇಂಗ್ಲಿಷಿನವರು ‘ಕಾಲಂ’ ಎಂದರು. ಅದರ ಮೂಲಾರ್ಥ ಕಂಬ. ನಾವು ‘ಅಂಕಣ’ವೆಂದೆವು, ಹತ್ತಂಕಣದ ಮನೆ ಎನ್ನುವಾಗ ಅದು ಕಂಬಗಳ ನಡುವಣ ಜಾಗ. ಅವರು ಕಂಬವನ್ನು ಕಂಡರು, ನಾವು ಅದರ ನೆರಳಿನ ಜಾಗವನ್ನು ಕಂಡೆವು! ‘ಸ್ಟೋರಿ’ ಎಂದರೆ ಪತ್ರಿಕೆಯವರಿಗೆ ಕಟ್ಟುಕಥೆಯಲ್ಲ, ವರದಿ. ‘ಡೆಡ್‌ಲೈನ್’ ಎಂಬುದು ಅಮೆರಿಕದ ಅಂತರ್ಯುದ್ಧದ ಸೆರೆಶಿಬಿರದಿಂದ ಬಂದ ಮಾತು. ಆ ಗೆರೆ ದಾಟಿದ ಸೆರೆಯಾಳಿಗೆ ಗುಂಡೇ ಗತಿ. ನಮ್ಮ ‘ಗಡುವು’ ಅಷ್ಟು ಕ್ರೂರವಲ್ಲ.

ಇವೆಲ್ಲ ಸ್ವಾರಸ್ಯದ ಮಾತುಗಳು. ತಪ್ಪಿದರೆ ನಗೆ, ಅಷ್ಟೆ. ತಪ್ಪಿದರೆ ಮನೆ ಮುರಿಯುವ ಮಾತುಗಳು ಬೇರೆ ಇವೆ.

ಕೆಲವು ವರ್ಷಗಳ ಹಿಂದೆ ನಮ್ಮವರೇ ಆದ ಒಬ್ಬರು ಕಚೇರಿಯ ಹಣವನ್ನು ದುರುಪಯೋಗ ಮಾಡಿದ ಆರೋಪಕ್ಕೆ ಗುರಿಯಾಗಿದ್ದಾರೆಂದು ಇಂಗ್ಲಿಷ್ ಪತ್ರಿಕೆಯಲ್ಲಿ ಬಂತು. ‘ಅಲೆಜೆಡ್ಲಿ’ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ನಾವು ಆ ಒಂದು ಶಬ್ದವನ್ನು ನುಂಗಿ ಉಳಿದುದನ್ನು ಓದಿದೆವು. ಗೌರಿಹಬ್ಬದ ಅರಿಸಿನ ಕುಂಕುಮಕ್ಕೆ ಆ ಮನೆಯ ಹೆಣ್ಣುಮಕ್ಕಳನ್ನು ಯಾರೂ ಕರೆಯಲಿಲ್ಲ. ಮುಂದೆ ನ್ಯಾಯಾಲಯವು ಅವರನ್ನು ‘ಅಕ್ವಿಟ್’ ಮಾಡಿತು, ಎಂದರೆ ಖುಲಾಸೆ ಮಾಡಿತು. ಆ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲು. ಅದನ್ನು ನಮ್ಮಲ್ಲಿ ಯಾರೂ ಓದಲಿಲ್ಲ. ಅಷ್ಟರಲ್ಲಿ ಅವರು ಮನೆ ಬಿಟ್ಟು ಬೇರೆ ಕಡೆಗೆ ಹೋಗಿದ್ದರು.

ತಪ್ಪು ಪತ್ರಿಕೆಯದಲ್ಲ, ನಮ್ಮದು. ಅದೂ ಎಂಥ ತಪ್ಪು! ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸಲು ಕನ್ನಡದಲ್ಲಿ ಎರಡಕ್ಷರದ ಸಾಧನವಿದೆ. ‘ಮಳೆ ಬಂತು’ ಎಂದರೆ ನಾನು ಬಲ್ಲೆ. ‘ಮಳೆ ಬಂತಂತೆ’ ಎಂದರೆ ಯಾರೋ ಹೇಳಿದರು. ನಮ್ಮ ಹಳ್ಳಿಯ ಅಜ್ಜಿಯೂ ಇದರಲ್ಲಿ ತಪ್ಪುವವಳಲ್ಲ. ಇಂಗ್ಲಿಷಿಗೆ ಇಂಥ ಪ್ರತ್ಯಯವಿಲ್ಲ. ಅದು ಬೇರೆ ಶಬ್ದಗಳನ್ನು ಹೂಡಬೇಕು. ‘ರಿಪೋರ್ಟೆಡ್ಲಿ’ ಎಂದರೆ ವರದಿಯ ಪ್ರಕಾರ. ‘ಅಲೆಜೆಡ್ಲಿ’ ಎಂದರೆ ಆರೋಪ ಉಂಟು, ರುಜುವಾತಾಗಿಲ್ಲ. ‘ಸಸ್ಪೆಕ್ಟ್’ ಶಂಕಿತ, ‘ಅಕ್ಯೂಸ್ಡ್’ ಆರೋಪಿ, ‘ಕನ್ವಿಕ್ಟ್’ ಮಾತ್ರ ಅಪರಾಧಿ. ಈ ಮೂರು ಮೆಟ್ಟಿಲುಗಳನ್ನು ಒಂದೇ ನೆಗೆತಕ್ಕೆ ಹಾರಬಾರದು.

ಇಂದು ಸುದ್ದಿ ಕೈಯಲ್ಲಿನ ಫೋನಿನಿಂದ ಫೋನಿಗೆ ಹಾರುತ್ತದೆ. ಪ್ರತಿ ನೆಗೆತದಲ್ಲಿಯೂ ಉದುರಿಹೋಗುವುದು ಈ ‘ಅಂತೆ’ಯೇ.

ಆದುದರಿಂದ ನಮ್ಮದೊಂದು ಸಣ್ಣ ವಿನಂತಿ. ಭಾನುವಾರ ಮನೆಯಲ್ಲಿ ಹಿರಿಯರೂ ಮಕ್ಕಳೂ ಕೂಡಿ ಕುಳಿತು ಇಂಗ್ಲಿಷ್ ಪತ್ರಿಕೆಯ ಒಂದೇ ಒಂದು ಸುದ್ದಿಯನ್ನು ಓದಿರಿ. ಮಗು ಇಂಗ್ಲಿಷನ್ನು ಓದಲಿ, ಅಜ್ಜ ಅದನ್ನು ಕನ್ನಡದಲ್ಲಿ ಹೇಳಲಿ. ಎಲ್ಲಿ ‘ಅಂತೆ’ ಹಾಕಬೇಕು, ಎಲ್ಲಿ ಬೇಡ ಎಂಬುದನ್ನು ಇಬ್ಬರೂ ಚರ್ಚಿಸಿ ತೀರ್ಮಾನಿಸಲಿ. ಅಜ್ಜನಿಗೆ ಇಂಗ್ಲಿಷ್ ಬಂದೀತು, ಮೊಮ್ಮಗುವಿಗೆ ಕನ್ನಡ ಉಳಿದೀತು. ನೆರೆಮನೆಯವರ ಮಾನವೂ ಉಳಿದೀತು.